ಪಾತ್ರವರಿತು ಶಕ್ತಿಯನ್ನೀಯುವ ತಂತಿ

ಮುಂಬಯಿಯಾಗಲಿ ಪುಣೆಯಾಗಲಿ, ಚೆನ್ನೈಯಾಗಲಿ ದೆಹಲಿಯಾಗಲಿ, ಮಹಾನಗರದ ಬಹುಮಹಡಿ ಕಟ್ಟಡಗಳ ಹೆಬ್ಬಾಗಿಲಲ್ಲಿ ಇಂದು ಕಾವಲುಗಾರನ ಜೊತೆಗೆ ಒಂದು ಕ್ಯಾಮರಾ ಕೂಡ ಕಣ್ಣು ತೆರೆದು ನಿಂತಿರುತ್ತದೆ. ಲಿಫ್ಟಿನ ಪಕ್ಕದಲ್ಲಿ ಇನ್ನೊಂದು, ವಾಹನ ನಿಲ್ಲಿಸುವ ನೆಲಮಾಳಿಗೆಯಲ್ಲಿ ಮತ್ತೊಂದು. ಕಚೇರಿಗಳಲ್ಲಿ ಮೇಜಿಗೊಂದು ದೂರವಾಣಿ. ಛಾವಣಿಗೆ ಅಂಟಿಕೊಂಡು ವೈಫೈ ಬೀರುವ ಬಿಳಿಯ ತಟ್ಟೆ. ಇವೆಲ್ಲವೂ ವಿದ್ಯುತ್ತಿನಿಂದಲೇ ನಡೆಯತಕ್ಕವು. ಆದರೂ ಇವುಗಳಲ್ಲಿ ಅನೇಕಕ್ಕೆ ಪ್ಲಗ್ಗೂ ಇಲ್ಲ, ಅಡಾಪ್ಟರೂ ಇಲ್ಲ. ಕಿರುಬೆರಳಿಗಿಂತ ತೆಳುವಾದ ಒಂದೇ ಒಂದು ಕೇಬಲ್ಲು ಬಂದು ಸೇರಿರುತ್ತದೆ. ಚಿತ್ರವನ್ನೂ ಮಾತನ್ನೂ ಸಾಗಿಸುವುದು ಅದೇ. ಉಪಕರಣಕ್ಕೆ ಜೀವ ತುಂಬುವುದೂ ಅದೇ.

ಈ ಏರ್ಪಾಡಿಗೆ ‘ಪವರ್ ಓವರ್ ಈಥರ್ನೆಟ್’ ಎಂದು ಹೆಸರು; ಚಿಕ್ಕದಾಗಿ ಪಿ.ಓ.ಇ. ಎನ್ನುವರು. ಒಂದೇ ತಂತಿಯಲ್ಲಿ ಸಂದೇಶವೂ ಶಕ್ತಿಯೂ ಹರಿಯುವುದು ಸೋಜಿಗವೇ ಸರಿ. ಅದಕ್ಕಿಂತ ದೊಡ್ಡ ಸೋಜಿಗವೆಂದರೆ, ಶಕ್ತಿಯನ್ನು ಕೊಡುವ ಯಂತ್ರವು ಕೊಡುವ ಮೊದಲು ವಿಚಾರಿಸುತ್ತದೆ ಎಂಬುದು. ಎದುರಿಗಿರುವುದು ಯಾರು, ಅದಕ್ಕೆ ಬೇಕಾದುದೆಷ್ಟು, ಕೊಟ್ಟದ್ದನ್ನು ಅದು ಈಗಲೂ ಬಳಸುತ್ತಿದೆಯೇ, ಈ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಅದು ಕೈ ಬಿಚ್ಚುವುದಿಲ್ಲ. ದಾನಕ್ಕೆ ಪಾತ್ರಾಪಾತ್ರ ವಿವೇಚನೆ ಬೇಕೆಂದು ಹಿರಿಯರು ಹೇಳುವ ಮಾತು ಇಲ್ಲಿ ಅಕ್ಷರಶಃ ಇಂಜಿನಿಯರಿಂಗ್ ನಿಯಮವಾಗಿದೆ. ಮನೆಮಂದಿಯ ಸುರಕ್ಷತೆಯೂ ಆಪತ್ಕಾಲದ ಒಂದು ಕರೆಯೂ ಈ ವಿವೇಚನೆಯನ್ನು ಅವಲಂಬಿಸಿರುವುದರಿಂದ, ಇದರ ಒಳಗುಟ್ಟನ್ನು ಜನಸಾಮಾನ್ಯರೂ ತಿಳಿದಿರುವುದು ಒಳಿತು.

ಹಳೆಯ ದೂರವಾಣಿಯ ಪಾಠ

ಕಪ್ಪು ಬಣ್ಣದ, ಬೆರಳಿನಿಂದ ತಿರುಗಿಸುವ ಹಳೆಯ ದೂರವಾಣಿಯನ್ನು ಬಳಸಿದವರಿಗೆ ಒಂದು ಸಂಗತಿ ನೆನಪಿರಬಹುದು. ಊರೆಲ್ಲ ಕತ್ತಲಾದಾಗಲೂ ಅದು ಬಾರಿಸುತ್ತಿತ್ತು. ಅದಕ್ಕೆ ಮನೆಯ ವಿದ್ಯುತ್ತಿನ ಹಂಗೇ ಇರಲಿಲ್ಲ. ದೂರವಾಣಿ ಕೇಂದ್ರದಲ್ಲಿ ಸಾಲಾಗಿ ಜೋಡಿಸಿಟ್ಟ ಬ್ಯಾಟರಿಗಳಿಂದ ಸುಮಾರು 48 ವೋಲ್ಟಿನ ಏಕಮುಖ ವಿದ್ಯುತ್ತು, ಮಾತು ಸಾಗುವ ಅದೇ ಜೋಡಿ ತಂತಿಯಲ್ಲಿ ಮನೆಮನೆಗೂ ಹರಿದುಬರುತ್ತಿತ್ತು. ಶಕ್ತಿಯ ಮೂಲ ಒಂದೆಡೆ. ಅದರ ರಕ್ಷಣೆಯ ಹೊಣೆಯೂ ಒಂದೆಡೆ.

ಕಂಪ್ಯೂಟರುಗಳನ್ನು ಪರಸ್ಪರ ಜೋಡಿಸುವ ಈಥರ್ನೆಟ್ ಎಂಬ ವಿಧಾನ ಹುಟ್ಟಿದ್ದು ಬೇರೆ ದಾರಿಯಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಎಂಬುವರು ಅದನ್ನು ರೂಪಿಸತೊಡಗಿದರು. ಮೊದಮೊದಲು ದಪ್ಪನೆಯ ಕೇಬಲ್ಲುಗಳಿದ್ದವು. 1990ರಲ್ಲಿ, ದೂರವಾಣಿಯ ತಂತಿಗಳಂತೆ ಹೆಣೆದ ಜೋಡಿ ತಂತಿಗಳಲ್ಲೂ ಈಥರ್ನೆಟ್ ನಡೆಯುವಂತೆ ನಿಯಮ ರೂಪುಗೊಂಡಿತು. ಇಂದು ಎಲ್ಲೆಡೆ ಕಾಣುವ ಕೇಬಲ್ಲಿನೊಳಗೆ ಎಂಟು ತಂತಿಗಳು, ಅಂದರೆ ನಾಲ್ಕು ಜೋಡಿಗಳಿರುತ್ತವೆ. ಕಟ್ಟಡದ ಒಂದು ಮೂಲೆಯಲ್ಲಿ ಇವೆಲ್ಲ ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆಗೆ ‘ಸ್ವಿಚ್’ ಎಂಬ ಹೆಸರಿದೆ. ಇದು ದೀಪ ಹಚ್ಚುವ ಗೋಡೆಯ ಸ್ವಿಚ್ಚಲ್ಲ. ಸಂದೇಶಗಳನ್ನು ಅವುಗಳ ವಿಳಾಸಕ್ಕೆ ಮುಟ್ಟಿಸುವ ಅಂಚೆಯಾಳು.

ದೂರವಾಣಿಯೂ ಈ ಜಾಲಕ್ಕೆ ಬಂದಾಗ ಹಳೆಯ ಅನುಕೂಲವೊಂದು ಕೈತಪ್ಪಿತು. ಪ್ರತಿ ದೂರವಾಣಿಗೂ ಒಂದು ಅಡಾಪ್ಟರ್, ಅದಕ್ಕೊಂದು ಪ್ಲಗ್ಗು. ವಿದ್ಯುತ್ತು ಹೋದರೆ ಮಾತೂ ನಿಂತಿತು. ಹಾಗಾದರೆ ಹಳೆಯ ದೂರವಾಣಿ ಕೇಂದ್ರದಂತೆಯೇ ಸ್ವಿಚ್ಚಿನಿಂದಲೇ 48 ವೋಲ್ಟನ್ನು ಕೇಬಲ್ಲಿಗೆ ಹರಿಸಬಾರದೇಕೆ ಎಂಬ ಯೋಚನೆ ಸಹಜವಾಗಿಯೇ ಮೂಡಿತು. 2000ದ ಸುಮಾರಿಗೆ ಸಿಸ್ಕೋ ಸಂಸ್ಥೆ ತನ್ನದೇ ಆದ ವಿಧಾನವನ್ನು ಮಾರುಕಟ್ಟೆಗೆ ತಂದಿತು. ಎಲ್ಲರಿಗೂ ಸಮಾನವಾದ ನಿಯಮವನ್ನು ವಿದ್ಯುತ್ ಹಾಗೂ ಎಲೆಕ್ಟ್ರಾನಿಕ್ಸ್ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಐ.ಇ.ಇ.ಇ. 2003ರಲ್ಲಿ ಪ್ರಕಟಿಸಿತು.

ಕೊಡುವ ಮುನ್ನ ಕೇಳಬೇಕಾದುದೇಕೆ?

ಹಳೆಯ ದೂರವಾಣಿ ತಂತಿಯ ತುದಿಗೆ ದೂರವಾಣಿಯನ್ನಲ್ಲದೆ ಬೇರೇನನ್ನೂ ಜೋಡಿಸುವ ರೂಢಿಯಿರಲಿಲ್ಲ. ಈಥರ್ನೆಟ್ಟಿನ ಸ್ಥಿತಿ ಹಾಗಲ್ಲ. ಗೋಡೆಯಲ್ಲಿರುವ ಅದೇ ಕಿಂಡಿಗೆ ಇಂದು ದೂರವಾಣಿ, ನಾಳೆ ಕಂಪ್ಯೂಟರು, ನಾಡಿದ್ದು ಪ್ರಿಂಟರು. ಇವುಗಳಲ್ಲಿ ಎಷ್ಟೋ ಉಪಕರಣಗಳು ಕೇಬಲ್ಲಿನಿಂದ ಸಂದೇಶವನ್ನು ಮಾತ್ರ ನಿರೀಕ್ಷಿಸುತ್ತವೆ. ಅನೇಕ ಕಂಪ್ಯೂಟರುಗಳ ಕಿಂಡಿಯೊಳಗೆ, ಸಂಕೇತಗಳ ಹಿತಕ್ಕಾಗಿ ಇರಿಸಿದ 75 ಓಮ್‌ನ ಸಣ್ಣ ಸಣ್ಣ ರೋಧಕಗಳಿರುತ್ತವೆ. ಒಂದು ಜೋಡಿಯಿಂದ ಇನ್ನೊಂದು ಜೋಡಿಗೆ ಇಂಥ ಎರಡು ರೋಧಕಗಳ ಮೂಲಕ, ಎಂದರೆ 150 ಓಮ್‌ನ ಮೂಲಕ, ದಾರಿಯಾಗುತ್ತದೆ. ಅಲ್ಲಿಗೆ 48 ವೋಲ್ಟನ್ನು ಏಕಾಏಕಿ ನೀಡಿದರೆ 15 ವಾಟಿಗೂ ಹೆಚ್ಚು ಶಾಖ ಆ ಸಾಸಿವೆಗಾತ್ರದ ಬಿಡಿಭಾಗಗಳಲ್ಲಿ ಹುಟ್ಟಬೇಕಾಗುತ್ತದೆ. ಅವು ಸುಟ್ಟುಹೋಗದೆ ಉಳಿಯಲಾರವು. ಆದುದರಿಂದ ಕೊಡುವುದಕ್ಕೆ ಮೊದಲು ಕೇಳುವುದು ಈ ವ್ಯವಸ್ಥೆಯ ಸೌಜನ್ಯವಲ್ಲ, ಅನಿವಾರ್ಯತೆ.

ಮೊದಲನೆಯ ಪ್ರಶ್ನೆ: ಅಲ್ಲಿರುವುದು ಯಾರು?

ಕೇಬಲ್ಲನ್ನು ಸಿಕ್ಕಿಸಿದೊಡನೆ ಸ್ವಿಚ್ಚು 48 ವೋಲ್ಟನ್ನು ಕೊಡುವುದಿಲ್ಲ. 2.7ರಿಂದ 10.1 ವೋಲ್ಟುಗಳ ನಡುವಿನ, ಯಾರಿಗೂ ಹಾನಿ ಮಾಡದ ಪುಟ್ಟ ಒತ್ತಡವನ್ನು ಮಾತ್ರ ಕಳುಹಿಸಿ, ಎಷ್ಟು ಪ್ರವಾಹ ಹರಿಯಿತೆಂದು ಅಳೆಯುತ್ತದೆ. ಶಕ್ತಿಯನ್ನು ಪಡೆಯಲು ಅರ್ಹವಾದ ಉಪಕರಣದೊಳಗೆ ಗುರುತಿನ ಚೀಟಿಯಂತೆ ಸುಮಾರು 25,000 ಓಮ್‌ನ ಒಂದು ರೋಧಕವಿರುತ್ತದೆ. ಉಪಕರಣದ ಉಳಿದ ಭಾಗವೆಲ್ಲ ಆ ಹೊತ್ತಿಗೆ ನಿದ್ರಿಸುತ್ತಿದ್ದು, ಈ ರೋಧಕ ಮಾತ್ರ ಮುಂದೆ ನಿಂತು ಉತ್ತರ ಕೊಡುತ್ತದೆ.

ಇಲ್ಲೊಂದು ಜಾಣ್ಮೆಯಿದೆ. ಸ್ವಿಚ್ಚು ಒಮ್ಮೆ ಅಳೆದು ಸುಮ್ಮನಾಗುವುದಿಲ್ಲ. ಬೇರೆ ಬೇರೆ ಎರಡು ಒತ್ತಡಗಳಲ್ಲಿ ಅಳೆಯುತ್ತದೆ. ಏಕೆಂದರೆ, ತಂತಿಗಳು ಅದಲುಬದಲಾದರೂ ತೊಂದರೆಯಾಗದಿರಲೆಂದು ಉಪಕರಣದ ಬಾಗಿಲಲ್ಲಿ ಡಯೋಡುಗಳ ಜೋಡಣೆಯೊಂದಿರುತ್ತದೆ, ಮತ್ತು ಅದು ಸುಂಕದ ಕಟ್ಟೆಯಂತೆ ಸುಮಾರು 1.4 ವೋಲ್ಟನ್ನು ತಾನೇ ಇಟ್ಟುಕೊಳ್ಳಬಹುದು. ಉದಾಹರಣೆಗೆ 4 ವೋಲ್ಟು ಕೊಟ್ಟಾಗ ರೋಧಕಕ್ಕೆ ದಕ್ಕುವುದು 2.6 ವೋಲ್ಟು, ಹರಿಯುವುದು 104 ಮೈಕ್ರೋ ಆಂಪಿಯರ್. ಇದನ್ನಷ್ಟೇ ನಂಬಿ ಲೆಕ್ಕ ಹಾಕಿದರೆ ರೋಧವು 38,000 ಓಮ್‌ಗೂ ಹೆಚ್ಚೆಂದು ತೋರಿ, ಅರ್ಹ ಉಪಕರಣವೇ ತಿರಸ್ಕೃತವಾಗುತ್ತದೆ. ಆದರೆ 8 ವೋಲ್ಟು ಕೊಟ್ಟು ಮತ್ತೆ ಅಳೆದಾಗ ಹರಿಯುವುದು 264 ಮೈಕ್ರೋ ಆಂಪಿಯರ್. ಒತ್ತಡದಲ್ಲಿ ಹೆಚ್ಚಿದ್ದು 4 ವೋಲ್ಟು, ಪ್ರವಾಹದಲ್ಲಿ ಹೆಚ್ಚಿದ್ದು 160 ಮೈಕ್ರೋ ಆಂಪಿಯರ್. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಸರಿಯಾಗಿ 25,000 ಓಮ್! ಸುಂಕವು ಎರಡೂ ಸಲ ಒಂದೇ ಆಗಿದ್ದುದರಿಂದ ಲೆಕ್ಕದಲ್ಲಿ ತಾನಾಗಿ ಕಳೆದುಹೋಯಿತು.

ಉತ್ತರವು 19,000ದಿಂದ 26,500 ಓಮ್‌ಗಳ ಒಳಗಿದ್ದರೆ ಸ್ವಿಚ್ಚು ಒಪ್ಪಿಕೊಳ್ಳುತ್ತದೆ. 15,000ಕ್ಕಿಂತ ಕಡಿಮೆಯಿದ್ದರೆ ಅಥವಾ 33,000ಕ್ಕಿಂತ ಹೆಚ್ಚಿದ್ದರೆ ಖಂಡಿತವಾಗಿ ನಿರಾಕರಿಸುತ್ತದೆ. 150 ಓಮ್ ತೋರಿಸುವ ಸಾಧಾರಣ ಕಂಪ್ಯೂಟರಿಗೆ ಶಕ್ತಿ ದೊರೆಯುವುದಿಲ್ಲ. ಏನನ್ನೂ ಜೋಡಿಸದ ಬರಿ ತುದಿಗೂ ದೊರೆಯುವುದಿಲ್ಲ. ಈ ಪರೀಕ್ಷೆಗೆ ಹಿಡಿಯುವ ಕಾಲ ಅರ್ಧ ಸೆಕೆಂಡಿಗೂ ಮೀರದು. ಅದರಲ್ಲಿ ಹರಿಯಬಹುದಾದ ಪ್ರವಾಹವನ್ನೂ 5 ಮಿಲಿ ಆಂಪಿಯರಿಗೆ ಮಿತಗೊಳಿಸಿರುವುದರಿಂದ, ಉಪಕರಣ ಯಾವುದೇ ಆಗಿರಲಿ, ಕೇಳಿದ ಮಾತ್ರಕ್ಕೆ ಅದು ಕೆಡುವುದಿಲ್ಲ.

ಎರಡನೆಯ ಪ್ರಶ್ನೆ: ಬೇಕಾದುದೆಷ್ಟು?

ಅರ್ಹತೆ ತಿಳಿದ ಮೇಲೆ ಅಗತ್ಯವನ್ನು ತಿಳಿಯಬೇಕು. ಈಗ ಸ್ವಿಚ್ಚು ಒತ್ತಡವನ್ನು 15.5ರಿಂದ 20.5 ವೋಲ್ಟುಗಳ ನಡುವಿಗೆ ಏರಿಸುತ್ತದೆ. ಉಪಕರಣವು ತನ್ನ ವರ್ಗಕ್ಕೆ ತಕ್ಕಂತೆ ನಿಗದಿಯಾದಷ್ಟು ಪ್ರವಾಹವನ್ನು ಎಳೆದುಕೊಂಡು ಉತ್ತರಿಸುತ್ತದೆ. 9ರಿಂದ 12 ಮಿಲಿ ಆಂಪಿಯರ್ ಎಳೆದರೆ ಅದು ಮೊದಲನೆಯ ವರ್ಗ. ಅದಕ್ಕೆ 4 ವಾಟ್ ಸಾಕು. 17ರಿಂದ 20 ಎಳೆದರೆ ಎರಡನೆಯ ವರ್ಗ, 7 ವಾಟ್. 26ರಿಂದ 30 ಎಳೆದರೆ ಮೂರನೆಯದು, 15.4 ವಾಟ್. ಏನನ್ನೂ ಹೇಳದೆ ಸುಮ್ಮನಿರುವ ಉಪಕರಣಕ್ಕೂ, ಎಷ್ಟು ಬೇಕಾದೀತೋ ಎಂಬ ಎಚ್ಚರಿಕೆಯಿಂದ, 15.4 ವಾಟನ್ನೇ ತೆಗೆದಿರಿಸಬೇಕಾಗುತ್ತದೆ.

ಇದರಿಂದ ಆಗುವ ಪ್ರಯೋಜನ ಗೃಹಕೃತ್ಯ ಬಲ್ಲ ಯಾರಿಗಾದರೂ ಅರ್ಥವಾಗುವಂಥದು. ಎಂಟು ಕಿಂಡಿಗಳಿರುವ ಸ್ವಿಚ್ಚೊಂದರ ಒಟ್ಟು ಸಾಮರ್ಥ್ಯ 60 ವಾಟ್ ಎಂದಿಟ್ಟುಕೊಳ್ಳೋಣ. ವರ್ಗದ ಲೆಕ್ಕದಲ್ಲಿ ಹಂಚಿದರೆ, ತಮ್ಮ ಅಗತ್ಯವನ್ನು 7 ವಾಟ್ ಎಂದು ಹೇಳಿಕೊಂಡ ಎಂಟು ದೂರವಾಣಿಗಳಿಗೂ 56 ವಾಟ್‌ಗಳಲ್ಲಿ ಸಾಲುತ್ತದೆ. ಅವೇ ದೂರವಾಣಿಗಳು ಏನನ್ನೂ ಹೇಳದಿದ್ದಲ್ಲಿ ಮೂರಕ್ಕೆ ಮಾತ್ರ ಜಾಗ, ನಾಲ್ಕನೆಯದು ಹೊರಗುಳಿಯಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಯಂತ್ರಗಳೂ ಪಾಲಿಸುತ್ತವೆ.

ಮೂರನೆಯ ಹೆಜ್ಜೆ: ಶಕ್ತಿದಾನ

ಈಗ ಪೂರ್ಣ ಒತ್ತಡ ಬರುತ್ತದೆ. ಮೊದಲ ನಿಯಮದ ಪ್ರಕಾರ ಸ್ವಿಚ್ಚಿನ ಕಿಂಡಿಯಲ್ಲಿ ಅದು 44ರಿಂದ 57 ವೋಲ್ಟುಗಳ ನಡುವೆ ಇರುತ್ತದೆ. ಉಪಕರಣ ಎಚ್ಚೆತ್ತಾಗ ಆಗುವ ಮೊದಲ ನುಗ್ಗಾಟವನ್ನು ಕೂಡ ಸ್ವಿಚ್ಚು ತಡೆಹಿಡಿದು ಹದವಾಗಿ ಬಿಡುತ್ತದೆ.

ಕಂಪ್ಯೂಟರ್ ಭಾಗಗಳಿಗೆ 5 ವೋಲ್ಟೇ ಸಾಕಾಗಿರುವಾಗ 48 ವೋಲ್ಟು ಏಕೆ ಬೇಕೆಂದು ಕೇಳಬಹುದು. ಕೇಬಲ್ಲು 100 ಮೀಟರ್ ಉದ್ದವಿರಬಹುದು. ಹೋಗಿ ಬರುವ ದಾರಿಯ ರೋಧ 20 ಓಮ್ ಇರಬಹುದೆಂದು ಆ ನಿಯಮ ಲೆಕ್ಕ ಹಿಡಿದಿದೆ. 13 ವಾಟನ್ನು 5 ವೋಲ್ಟಿನಲ್ಲಿ ಸಾಗಿಸಲು 2.6 ಆಂಪಿಯರ್ ಬೇಕು. ಅಷ್ಟು ಪ್ರವಾಹಕ್ಕೆ ದಾರಿಯಲ್ಲೇ 52 ವೋಲ್ಟು ಕಳೆದುಹೋಗಬೇಕು, ಕೊಟ್ಟದ್ದೇ ಐದು! ಅದೇ 44 ವೋಲ್ಟಿನಲ್ಲಿ 0.35 ಆಂಪಿಯರ್ ಹರಿಸಿದರೆ ಸ್ವಿಚ್ಚು ಕೊಡುವುದು 15.4 ವಾಟ್, ದಾರಿಯಲ್ಲಿ ಶಾಖವಾಗಿ ಹೋಗುವುದು 2.45 ವಾಟ್, ಉಪಕರಣಕ್ಕೆ ತಲುಪುವುದು 12.95 ವಾಟ್. ನಿಯಮಪುಸ್ತಕದಲ್ಲಿರುವ ವಿಚಿತ್ರವಾಗಿ ಕಾಣುವ ಈ ಅಂಕೆಯ ಮೂಲ ಇಷ್ಟೇ.

ಈ ತತ್ತ್ವ ಕನ್ನಡಿಗರಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿಯ ಧುಮುಕಿನಿಂದ ಹುಟ್ಟಿದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹೋದದ್ದು ಸಾವಿರಾರು ವೋಲ್ಟುಗಳ ಒತ್ತಡದಲ್ಲಿಯೇ. ಒತ್ತಡ ಹೆಚ್ಚಿದಷ್ಟೂ ಪ್ರವಾಹ ಕಡಿಮೆ, ಪ್ರವಾಹ ಕಡಿಮೆಯಾದಷ್ಟೂ ದಾರಿಯ ನಷ್ಟ ಕಡಿಮೆ. ಆದರೆ ಮನೆಯೊಳಗಿನ ತಂತಿಯಲ್ಲಿ ಒತ್ತಡವನ್ನು ಮನಬಂದಂತೆ ಏರಿಸಲು ಬರುವುದಿಲ್ಲ. ಏಕಮುಖ ವಿದ್ಯುತ್ತು 60 ವೋಲ್ಟಿನೊಳಗಿದ್ದರೆ ಒಣಗಿದ ಸ್ಥಳದಲ್ಲಿ ಮುಟ್ಟಿದವರಿಗೆ ಸಾಧಾರಣವಾಗಿ ಪ್ರಾಣಾಪಾಯವಿಲ್ಲವೆಂದು ಸುರಕ್ಷತೆಯ ನಿಯಮಗಳು ಪರಿಗಣಿಸುತ್ತವೆ. ನಷ್ಟ ತಗ್ಗಬೇಕು, ಜೀವವೂ ಉಳಿಯಬೇಕು; ಈ ಎರಡರ ನಡುವಿನ ಒಪ್ಪಂದವೇ 48 ವೋಲ್ಟು.

ಸಂದೇಶಕ್ಕೂ ಶಕ್ತಿಗೂ ಜಗಳವಿಲ್ಲವೇ?

ಒಂದೇ ತಂತಿಯಲ್ಲಿ ಎರಡೂ ಹರಿದರೆ ಕಲಸಿಹೋಗುವುದಿಲ್ಲವೇ ಎಂಬ ಸಂದೇಹ ಸಹಜ. ಜೋಡಿಯ ಎರಡು ತಂತಿಗಳನ್ನು ಪಕ್ಕಪಕ್ಕದಲ್ಲಿ ತೇಲುವ ಎರಡು ದೋಣಿಗಳೆಂದು ಭಾವಿಸಬಹುದು. ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಈ ವ್ಯತ್ಯಾಸವೇ ಸಂದೇಶ. ನದಿಯ ನೀರಿನ ಮಟ್ಟವೇ ಏರಿದರೆ ಎರಡು ದೋಣಿಗಳೂ ಸಮನಾಗಿ ಮೇಲೇರುತ್ತವೆ, ಅವುಗಳ ನಡುವಿನ ವ್ಯತ್ಯಾಸ ಬದಲಾಗುವುದಿಲ್ಲ. ಶಕ್ತಿಯನ್ನು ಹೀಗೆ ನೀರಿನ ಮಟ್ಟದಂತೆ, ಜೋಡಿಯ ಎರಡೂ ತಂತಿಗಳಿಗೆ ಸಮನಾಗಿ ಏರಿಸುತ್ತಾರೆ. ತಂತಿಗಳ ಎರಡೂ ತುದಿಯಲ್ಲಿರುವ ಪುಟ್ಟ ಟ್ರಾನ್ಸ್‌ಫಾರ್ಮರಿನ ನಡುಬಿಂದುವಿನಿಂದ ಅದನ್ನು ಒಳಗೆ ಬಿಟ್ಟು ಹೊರಗೆ ತೆಗೆಯುತ್ತಾರೆ. ಒಂದು ಜೋಡಿ ಹೋಗುವ ದಾರಿಯಾದರೆ ಇನ್ನೊಂದು ಜೋಡಿ ಮರಳುವ ದಾರಿ. ಸಂದೇಶಕ್ಕೆ ತನ್ನ ಕೆಳಗೆ ನೀರು ಏರಿದ್ದೇ ತಿಳಿಯದು.

ಕೊನೆಯ ಪ್ರಶ್ನೆ: ಇನ್ನೂ ಇರುವೆಯಾ?

ಕೊಟ್ಟ ಮೇಲೆ ಮರೆತುಬಿಡುವ ದಾನಿಯಲ್ಲ ಇದು. ಉಪಕರಣವು ಆಗಾಗ ಕನಿಷ್ಠ 10 ಮಿಲಿ ಆಂಪಿಯರ್ ಎಳೆದುಕೊಳ್ಳುತ್ತ ತಾನಿರುವುದನ್ನು ತೋರಿಸುತ್ತಿರಬೇಕು. 300ರಿಂದ 400 ಮಿಲಿ ಸೆಕೆಂಡುಗಳಷ್ಟು ಕಾಲ ಈ ನಾಡಿಮಿಡಿತ ಕಾಣದಿದ್ದರೆ ಸ್ವಿಚ್ಚು ಶಕ್ತಿಯನ್ನು ಕಡಿದು, ಮತ್ತೆ ಮೊದಲನೆಯ ಪ್ರಶ್ನೆಗೆ ಹಿಂದಿರುಗುತ್ತದೆ. ಕ್ಯಾಮರಾ ಕಿತ್ತು ಅದೇ ಕೇಬಲ್ಲಿಗೆ ಯಾರಾದರೂ ಕಂಪ್ಯೂಟರನ್ನು ಸಿಕ್ಕಿಸಿದರೆ ಅದಕ್ಕೆ 48 ವೋಲ್ಟಿನ ಪೆಟ್ಟು ಬೀಳದಿರುವುದು ಇದರಿಂದಾಗಿಯೇ. ಎಳೆಯ ಮಗುವೊಂದು ನೇತಾಡುವ ಬರಿಯ ತುದಿಯನ್ನು ಹಿಡಿದರೆ ಅಲ್ಲಿರುವುದು ಪ್ರಶ್ನೆ ಕೇಳುವ ಕೆಲವೇ ವೋಲ್ಟುಗಳ ಮಿಡಿತ ಮಾತ್ರ. ಗೋಡೆಯ ಪ್ಲಗ್ಗಿನಲ್ಲಿ ಸದಾ ಕಾದು ಕುಳಿತಿರುವ 230 ವೋಲ್ಟಿಗೂ ಇದಕ್ಕೂ ಇರುವ ಅಂತರ ಇದೇ.

ಬೇಡಿಕೆ ಬೆಳೆದಂತೆ ನಿಯಮವೂ ಬೆಳೆಯಿತು. 2009ರ ನಿಯಮದಲ್ಲಿ ಸ್ವಿಚ್ಚು 30 ವಾಟ್ ಕೊಡಬಹುದಾಯಿತು. ಉಪಕರಣಕ್ಕೆ ಖಚಿತವಾಗಿ ತಲುಪುವುದು 25.5 ವಾಟ್. 2018ರ ನಿಯಮ ನಾಲ್ಕು ಜೋಡಿಗಳನ್ನೂ ದುಡಿಸಿಕೊಂಡು 90 ವಾಟಿನವರೆಗೆ ಏರಿತು, ತಲುಪುವುದು 71.3 ವಾಟ್. ಕೇಳಿ ಕೊಡುವ ಪದ್ಧತಿಯನ್ನು ಮಾತ್ರ ಯಾವ ನಿಯಮವೂ ಕೈಬಿಡಲಿಲ್ಲ.

ಸೊಸೈಟಿಗಳು ಗಮನಿಸಬೇಕಾದುದು

ಇಷ್ಟೆಲ್ಲ ವಿವೇಚನೆಯನ್ನು ಒಂದು ಅಗ್ಗದ ಖರೀದಿ ವ್ಯರ್ಥಗೊಳಿಸಬಲ್ಲದು. ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಕ್ಯಾಮರಾ ಅಥವಾ ಇಂಟರ್‌ಕಾಮಿನ ದರಪಟ್ಟಿ ಬಂದಾಗ ಸದಸ್ಯರು ಕೆಳಗಿನ ವಿಷಯಗಳನ್ನು ವಿಚಾರಿಸುವುದು ಉಚಿತ.

ಮೊದಲನೆಯದು, ಕೊಡುವ ಪೆಟ್ಟಿಗೆ ಯಾವ ಬಗೆಯದು? ಮಾರುಕಟ್ಟೆಯಲ್ಲಿ ‘ಪ್ಯಾಸಿವ್’ ಎಂಬ ಬಗೆಯೂ ಉಂಟು. ಅದು ಯಾರನ್ನೂ ಏನನ್ನೂ ಕೇಳುವುದಿಲ್ಲ. ಪ್ಲಗ್ಗಿಗೆ ಹಾಕಿದೊಡನೆ 24 ಅಥವಾ 48 ವೋಲ್ಟನ್ನು ಕೇಬಲ್ಲಿಗೆ ಸುರಿಯುತ್ತದೆ. ತನ್ನದೇ ಜೋಡಿಯ ಉಪಕರಣದೊಂದಿಗೆ ಅದು ಸರಿಯಾಗಿಯೇ ನಡೆಯುತ್ತದೆ. ಆದರೆ ಮುಂದೆಂದೋ ಅದೇ ಕೇಬಲ್ಲಿಗೆ ಬೇರೊಂದು ಉಪಕರಣವನ್ನು ಜೋಡಿಸಿದರೆ ಅದು ಸುಟ್ಟುಹೋಗುವ ಸಂಭವವಿದೆ. ಪೆಟ್ಟಿಗೆಯ ಮೇಲೆ 802.3 ಎಎಫ್, ಎಟಿ ಅಥವಾ ಬಿಟಿ ಎಂಬ ನಿಯಮದ ಹೆಸರಿದೆಯೇ ಎಂದು ನೋಡಬೇಕು.

ಎರಡನೆಯದು, ಕೇಬಲ್ಲಿನ ಲೋಹ ಯಾವುದು? ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ ಇರುವ ಕೇಬಲ್ಲುಗಳು ಅಗ್ಗಕ್ಕೆ ಸಿಗುತ್ತವೆ. ಅಲ್ಯೂಮಿನಿಯಂನ ವಾಹಕತೆ ತಾಮ್ರದ ಸುಮಾರು ಶೇಕಡ 60 ಮಾತ್ರ. ಅದೇ ಪ್ರವಾಹಕ್ಕೆ ಅದರಲ್ಲಿ ಹುಟ್ಟುವ ಶಾಖ ಹೆಚ್ಚು. ಹತ್ತಾರು ಕೇಬಲ್ಲುಗಳನ್ನು ಬಿಗಿಯಾಗಿ ಕಟ್ಟಿ ಗಾಳಿಯಾಡದ ಕೊಳವೆಯಲ್ಲಿ ತುರುಕಿದ್ದರೆ ನಡುವಿನ ಕೇಬಲ್ಲಿನ ಶಾಖಕ್ಕೆ ಹೊರಬರಲು ದಾರಿಯಿರದು. ಸ್ವಿಚ್ಚು ಉಪಕರಣವನ್ನು ಪರೀಕ್ಷಿಸಬಲ್ಲದೇ ಹೊರತು ದಾರಿಯ ಲೋಹವನ್ನಲ್ಲ. ಶುದ್ಧ ತಾಮ್ರದ ಕೇಬಲ್ಲಿಗೆ ತೆತ್ತ ಹೆಚ್ಚಿನ ಹಣ ವ್ಯರ್ಥವಲ್ಲ.

ಮೂರನೆಯದು, ವಿದ್ಯುತ್ತು ಹೋದಾಗ ಏನಾಗುತ್ತದೆ? ಮಹಾನಗರದ ಎಷ್ಟೋ ಮನೆಗಳಲ್ಲಿ ವಯಸ್ಸಾದ ತಂದೆತಾಯಿಗಳು ಹಗಲೆಲ್ಲ ಒಬ್ಬೊಬ್ಬರೇ ಇರುತ್ತಾರೆ. ಎದೆನೋವೋ ತಲೆಸುತ್ತೋ ಬಂದಾಗ ಕಾವಲುಗಾರನಿಗೆ ಒಂದು ಕರೆ ಹೋಗುವುದೇ ಅವರಿಗೆ ಆಸರೆ. ಗಾಜಿನ ನಾರಿನ ಮೂಲಕ ಬರುವ ಈಚಿನ ದೂರವಾಣಿಗೆ ಮನೆಯಲ್ಲಿಯೇ ವಿದ್ಯುತ್ತು ಬೇಕು. ಹಳೆಯ ದೂರವಾಣಿಯ ಗುಣ ಅದಕ್ಕಿಲ್ಲ. ಆದರೆ ಇಂಟರ್‌ಕಾಮು ಪಿ.ಓ.ಇ. ಬಗೆಯದಾಗಿದ್ದು, ಸ್ವಿಚ್ಚಿರುವ ಕೋಣೆಗೆ ಒಂದು ಒಳ್ಳೆಯ ಬ್ಯಾಟರಿಯ ಯು.ಪಿ.ಎಸ್. ಅಳವಡಿಸಿದರೆ, ಆ ಒಂದೇ ಬ್ಯಾಟರಿ ಅದಕ್ಕೆ ಸೇರಿದ ಎಲ್ಲ ಮನೆಗಳ ಇಂಟರ್‌ಕಾಮನ್ನೂ ಹೆಬ್ಬಾಗಿಲಿನ ಕ್ಯಾಮರಾವನ್ನೂ ಎಚ್ಚರವಾಗಿಟ್ಟಿರುತ್ತದೆ. ಯಾವ ಮನೆಯ ಅಡಾಪ್ಟರು ಕೆಟ್ಟಿದೆಯೆಂದು ಹುಡುಕುವ ಪ್ರಮೇಯವಿಲ್ಲ. ಆದರೆ ಒಂದೇ ಕಡೆ ಇರುವುದು ಒಂದೇ ಕಡೆ ಕೆಡಲೂಬಹುದು. ಆದುದರಿಂದ ವರ್ಷಕ್ಕೆ ಒಂದೆರಡು ಬಾರಿಯಾದರೂ ಮುಖ್ಯ ವಿದ್ಯುತ್ತನ್ನು ಬೇಕೆಂದೇ ನಿಲ್ಲಿಸಿ ಪರೀಕ್ಷಿಸತಕ್ಕದ್ದು.

ಕಡೆಯದಾಗಿ, ಛಾವಣಿಯ ಮೇಲೂ ಕಾಂಪೌಂಡಿನ ಕಂಬದ ಮೇಲೂ ಇರುವ ಕ್ಯಾಮರಾಗಳ ಕೇಬಲ್ಲಿಗೆ ಸಿಡಿಲಿನಿಂದ ಕಾಯುವ ಸಾಧನವೂ ಸರಿಯಾದ ಭೂಸಂಪರ್ಕವೂ ಬೇಕು. 48 ವೋಲ್ಟಿನ ಸೌಮ್ಯತೆ ಸಿಡಿಲಿಗಿಲ್ಲ. ಗೋಡೆಯೊಳಗೆ ಈ ಕೇಬಲ್ಲನ್ನು 230 ವೋಲ್ಟಿನ ತಂತಿಯೊಂದಿಗೆ ಒಂದೇ ಕೊಳವೆಯಲ್ಲಿ ಎಳೆಯಲು ಎಂದಿಗೂ ಬಿಡಬಾರದು. ಅಲ್ಲೊಂದು ಗೀರು ಬಿದ್ದರೂ ಸುರಕ್ಷಿತವೆಂದು ನಂಬಿ ಮುಟ್ಟುವ ಕೇಬಲ್ಲೇ ಮಾರಕವಾದೀತು.

ಇಪ್ಪತ್ತೈದು ಸಾವಿರ ಓಮ್‌ನ ಒಂದು ರೋಧಕ ಅಕ್ಕಿಕಾಳಿಗಿಂತ ಚಿಕ್ಕದು. ಬೆಲೆ ಲೆಕ್ಕಕ್ಕೆ ಬಾರದಷ್ಟು ಅಲ್ಪ. ಆದರೆ ಕೊಡುವವನಿಗೂ ಪಡೆಯುವವನಿಗೂ ನಡುವೆ ನಂಬಿಕೆ ನೆಲೆಗೊಂಡಿರುವುದು ಅದರ ಮೇಲೆ. ಶಕ್ತಿಯುಳ್ಳ ಯಂತ್ರವೊಂದು ಮೊದಲು ಮೆಲ್ಲಗೆ ಕೇಳಿ, ಉತ್ತರವನ್ನು ಅಳೆದು, ಬೇಕಾದಷ್ಟನ್ನೇ ಕೊಟ್ಟು, ಕೊಟ್ಟ ಮೇಲೂ ಕಾಯುತ್ತಿರುತ್ತದೆ. ಅಂಥದನ್ನು ಖರೀದಿಸುವಾಗ ಮನುಷ್ಯರೂ ನಾಲ್ಕು ಪ್ರಶ್ನೆ ಕೇಳಿದರೆ ಅವರ ಮನೆ ಕ್ಷೇಮ, ಮನೆಯಲ್ಲಿರುವ ಹಿರಿಯರೂ ಮಕ್ಕಳೂ ಕ್ಷೇಮ.